ರಾಶಿಗೆ ಕೈ ಹಾಕಿದವರು

ತಲ್ ಹಜಲ್ ಊರಿನಲ್ಲಿ ಗೋಧಿ ಬೆಳೆದವರು ಗೋಧಿ ಮುಟ್ಟುವಂತಿರಲಿಲ್ಲ. ಉಳಬಹುದಿತ್ತು. ಬಿತ್ತಬಹುದಿತ್ತು. ಸೊಂಟ ಬಿದ್ದುಹೋಗುವ ತನಕ ಬಗ್ಗಿ ಕೊಯ್ಯಬಹುದಿತ್ತು. ಕಣದಲ್ಲಿ ಒಕ್ಕಿ, ಗಾಳಿಗೆ ತೂರಿ, ಹೊಟ್ಟನ್ನು ಕಣ್ಣಿಗೂ ಕೊರಳಿಗೂ ತುಂಬಿಕೊಂಡು ಕೆಮ್ಮಬಹುದಿತ್ತು. ಕಡೆಯ ಕಾಳು ರಾಶಿಗೆ ಬಿದ್ದ ಗಳಿಗೆಯಿಂದ ಮುಟ್ಟಿದರೆ ಕಳ್ಳತನ.

ಆಗ ಕಾವಲುಗಾರ ಸತ್ತೂಫ್ ಮುದ್ರೆ ತರುತ್ತಿದ್ದ. ಮೊರದಗಲದ ಹಲಗೆ. ಹಿಂದೆ ಹಿಡಿ, ಮುಂದೆ ಊರೊಡೆಯ ಶೌಕತ್ ಬೇ ಸಾಹೇಬರ ತಾತನ ಹೆಸರು ಕೊರೆದದ್ದು. ರಾಶಿಯ ಮೈಯನ್ನು ನುಣ್ಣಗೆ ಸವರಿಸಿ, ಬುಡದಿಂದ ನೆತ್ತಿಯವರೆಗೆ ಸುತ್ತಲೂ ಒತ್ತುತ್ತಿದ್ದ. ಒಂದು ಹಿಡಿ ತೆಗೆದರೂ ಕಾಳು ಜರುಗಿ ಹೆಸರು ಕೆಡುತ್ತಿತ್ತು. ಊರಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಆ ಒಂದು ಹೆಸರು ಮಾತ್ರ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ಅದು ಕೆಟ್ಟರೆ ಯಾರ ಬೆನ್ನು ಕೆಡುತ್ತದೆ ಅನ್ನುವುದೂ ಗೊತ್ತಿತ್ತು. ಕೋಳಿ ಕೆದಕಿದರೆ ಏಟು ಕೋಳಿ ಸಾಕಿದವನಿಗೆ.

ಪಾಲು ಹಾಕಲು ಬೇ ಸಾಹೇಬರೇ ಬರಬೇಕು. ಬೇಸಿಗೆಯಲ್ಲಿ ಅವರು ಲೆಬನಾನಿನ ಬೆಟ್ಟದ ತಂಪಿನಲ್ಲಿರುತ್ತಿದ್ದರು. ಅವರ ಮೈ ತಣ್ಣಗಾಗಿ ಇಳಿದು ಬರುವ ತನಕ ಊರು ತನ್ನ ರಾಶಿಯ ಎದುರೇ ಹಸಿದು ಕೂರಬೇಕು. ಇರುವೆಗಳಿಗೆ ಈ ಕಾನೂನನ್ನು ಯಾರೂ ತಿಳಿಸಿರಲಿಲ್ಲ. ಅವು ಸಾಲುಗಟ್ಟಿ ಬಂದು ತಮ್ಮ ಪಾಲು ಒಯ್ಯುತ್ತಿದ್ದವು.

ಫಿದ್ದಾ ಆ ಸಾಲನ್ನು ನೋಡುತ್ತ ಕೂತಿದ್ದಳು. ಫಿದ್ದಾ ಅಂದರೆ ಬೆಳ್ಳಿ. ಹೆಸರಿಟ್ಟವರು ಎಲ್ಲಿ ಬೆಳ್ಳಿ ಕಂಡಿದ್ದರೋ. ಅವಳ ಅಂಗೈ ಒಡೆದು ಬಿರುಕು ಬಿಟ್ಟಿತ್ತು, ಬಿರುಕಿನೊಳಗೆ ಹೊಟ್ಟು ಕೂತು ಕೀವಾಗಿತ್ತು. ಗಂಡ ದಹ್ಹಾಮ್ ಪಕ್ಕದಲ್ಲಿ ಈರುಳ್ಳಿ ಜಜ್ಜಿ ಜವೆ ರೊಟ್ಟಿಯ ಒಣ ತುಣುಕಿನ ಜೊತೆ ಅಗಿಯುತ್ತಿದ್ದ. ಪಾಲು ಹಾಕಿದ ವಾರದಲ್ಲಿ ಮಗಳು ವತ್ಫಾಳ ಮದುವೆ. ಗಂಡು ಪಕ್ಕದ ಮನೆಯ ಅಜೀಜ್. ಮದುವೆಗೆ ಬೇ ಸಾಹೇಬರ ಒಪ್ಪಿಗೆ ಬೇಕು. ಒಂದು ಕುರಿಮರಿ ಹಿಡಿದುಕೊಂಡು ಒಪ್ಪಿಗೆ ಕೊಟ್ಟಿದ್ದರು. ಫಿದ್ದಾಳಿಗೆ ಇದ್ದ ಚಿಂತೆ ಒಂದೇ. ಅಲ್ಲಿಯವರೆಗೆ ಮುದ್ರೆ ಕೆಡಬಾರದು. ಮುದ್ರೆ ಕೆಟ್ಟ ಮನೆಯ ಹೆಣ್ಣನ್ನು ಪೇಟೆಯಲ್ಲಿದ್ದ ಬೇ ಸಾಹೇಬರ ದೊಡ್ಡಮನೆಗೆ ಚಾಕರಿಗೆ ಒಯ್ಯುತ್ತಿದ್ದರು. ಅಜೀಜನ ಅಕ್ಕ ನೌಫಾ ಹಾಗೆ ಹೋದವಳು. ಅವಳ ತಾಯಿ ಉಮ್ ಅಜೀಜಳಿಗೆ ಮಗಳ ಗೋರಿ ಎಲ್ಲಿದೆ ಅನ್ನುವುದನ್ನೂ ಯಾರೂ ಹೇಳಲಿಲ್ಲ.

ಆ ವರ್ಷ ಹಮಾ ಪೇಟೆಯ ಕಾಫಿ ಅಂಗಡಿಯಲ್ಲಿ ಮೇಜಿಗೊಂದು ಪಕ್ಷ ಕೂತಿತ್ತು. ಪ್ಯಾಲೆಸ್ಟೈನ್ ಕೈಬಿಟ್ಟು ಹೋಗಿತ್ತು. ದಮಾಸ್ಕಸ್ಸಿನಲ್ಲಿ ದಂಡಿನವರು ಅಂಗಿ ಬದಲಿಸಿದ ಹಾಗೆ ಸರ್ಕಾರ ಬದಲಿಸುತ್ತಿದ್ದರು. ಒಂದು ಮೇಜು ಅರಬರೆಲ್ಲ ಒಂದೇ ಅನ್ನುತ್ತಿತ್ತು. ಪಕ್ಕದ ಮೇಜು ಅದನ್ನೇ ಇನ್ನೂ ಗಟ್ಟಿಯಾಗಿ ಅನ್ನುತ್ತಿತ್ತು. ಹಾಗಾಗಿ ಎರಡು ಮೇಜಿನವರಿಗೂ ಪರಸ್ಪರ ಮಾತಿರಲಿಲ್ಲ. ಹೀಗಿರುವಾಗ ಅದರಲ್ಲೊಂದು ಪಕ್ಷಕ್ಕೆ, ದೇಶದಲ್ಲಿ ಹಳ್ಳಿಗಳೂ ಇವೆ ಎಂಬ ವಿಷಯ ಹೊಳೆಯಿತು. ಇದು ಸಣ್ಣ ಮಾತಲ್ಲ. ಅಲ್ಲಿಯವರೆಗೆ ಯಾವ ಮೇಜಿಗೂ ಹೊಳೆದಿರಲಿಲ್ಲ.

ಆ ಪಕ್ಷದಿಂದ ಬುರ್ಹಾನ್ ಮೇಷ್ಟ್ರು ಬಂದರು. ತೆಳ್ಳನೆ ಮನುಷ್ಯ, ಕನ್ನಡಕ, ಧೂಳು ತಾಗಿದ್ದಕ್ಕೆ ನೊಂದುಕೊಂಡಂತಿದ್ದ ಕರಿ ಬೂಟು. ಸತ್ತೂಫ್ ದೊಡ್ಡಮನೆಗೆ ಮೊಸರು ಒಪ್ಪಿಸಲು ಪೇಟೆಗೆ ಹೋಗಿದ್ದ ಶುಕ್ರವಾರ ನೋಡಿಕೊಂಡೇ ಬಂದಿದ್ದರು. ದಹ್ಹಾಮನ ಕಣ ಎತ್ತರದಲ್ಲಿತ್ತು, ಅಲ್ಲೇ ಊರು ಸೇರಿತು. ದಹ್ಹಾಮ್ ಮನೆಯಲ್ಲಿದ್ದ ಕಡೆಯ ರೊಟ್ಟಿ ಮಜ್ಜಿಗೆ ತಂದುಕೊಟ್ಟ. ಮೇಷ್ಟ್ರು ತಿಂದರು, ಕುಡಿದರು, ಬಾಯಿ ಒರೆಸಿಕೊಂಡು ಎದ್ದು ನಿಂತರು.

“ಸಾಗರದಿಂದ ಕೊಲ್ಲಿಯವರೆಗೆ ನಾವೆಲ್ಲ ಒಂದೇ ಜನ!”

“ಯಾವ್ ಸಾಗರ ಮೇಷ್ಟ್ರೇ?” ಉಮ್ ಅಜೀಜ್ ಕೇಳಿದಳು. “ನಮ್ ಬಾವಿ ನೀರೂ ಉಪ್ಪೇ. ಅದೂ ಸೇರ್ತದಾ?”

ಜನ ನಕ್ಕರು. ಮೇಷ್ಟ್ರೂ ನಕ್ಕರು. “ಸೇರುತ್ತದೆ ತಾಯಿ.”

“ಹಂಗಾರೆ ಬೇ ಸಾಹೇಬ್ರೂ ನಮ್ ಜನಾನೇಯಾ?”

“ಅಲ್ಲ. ಅವನು ಜನದ ಮೈಮೇಲಿನ ಉಣ್ಣೆ. ರಕ್ತ ಕುಡಿದು ಊದಿರುವ ಉಣ್ಣೆ.”

ಈ ಸಲ ಯಾರೂ ನಗಲಿಲ್ಲ. ಕೆಲವರು ತಿರುಗಿ ದಾರಿ ನೋಡಿದರು. ಅಂಥ ಮಾತನ್ನು ಹಗಲಲ್ಲಿ, ಬೂಟು ಹಾಕಿದವನೊಬ್ಬ ಆಡಿದ್ದು ಅವರು ಕೇಳಿದ್ದು ಅದೇ ಮೊದಲು. ಫಿದ್ದಾಳಿಗೆ ಈ ಮಾತು ತನ್ನೊಳಗೆ ಮೊದಲಿಂದಲೂ ಇತ್ತು, ತಾನು ಆಡಿರಲಿಲ್ಲ ಅಷ್ಟೆ, ಅನ್ನಿಸಿತು.

ಮೇಷ್ಟ್ರಿಗೆ ಬಿಸಿಯೇರಿತ್ತು. “ನೆಲ ಗೇಯುವವನದು! ಈ ಗೋಧಿ ಯಾರದು? ನಿಮ್ಮದು!” ಅನ್ನುತ್ತ ತೋಳು ಮಡಚಿ, ಪಕ್ಕದಲ್ಲಿದ್ದ ದಹ್ಹಾಮನ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ತೆಗೆದು ಆಕಾಶಕ್ಕೆ ಎತ್ತಿ ಹಿಡಿದರು.

ಕಾಳು ಜರ್ರನೆ ಜರುಗಿತು. ಬೇ ಸಾಹೇಬರ ತಾತ ಬುಡದವರೆಗೆ ಕುಸಿದ.

ಕಣದಲ್ಲಿ ಉಸಿರು ನಿಂತಿತು. ಆ ಮೌನ ತಮ್ಮ ಮಾತಿನ ಶಕ್ತಿಯೆಂದು ಮೇಷ್ಟ್ರು ತಿಳಿದರು. ಕಣ್ಣಲ್ಲಿ ನೀರು ಬಂತು. ಆ ಹಿಡಿ ಗೋಧಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, “ಇದನ್ನು ಪೇಟೆಯ ಸಭೆಯಲ್ಲಿ ತೋರಿಸುತ್ತೇನೆ” ಅಂದರು. ಫಿದ್ದಾ ಬಾಯಿ ತೆರೆದಳು. ದಹ್ಹಾಮ್ ಅವಳ ತೋಳು ಚಿವುಟಿದ. ಮನೆಯ ರೊಟ್ಟಿ ತಿಂದ ಅತಿಥಿಗೆ ತಪ್ಪು ತೋರಿಸುವುದು ಆ ಊರಿನಲ್ಲಿ ಇಲ್ಲ. ಹೊಟ್ಟೆಗಿಲ್ಲದಿದ್ದರೂ ಅದೊಂದನ್ನು ಬಿಟ್ಟವರಲ್ಲ. ಮೇಷ್ಟ್ರು ಎಲ್ಲರ ಕೈ ಕುಲುಕಿ ಗಾಡಿ ಹತ್ತಿ ಹೋದರು.

“ಹೇಳ್ಬೇಕಿತ್ತು,” ಅಂದಳು ಫಿದ್ದಾ.

“ನಮ್ ರೊಟ್ಟಿ ತಿಂದವ್ನೆ ಕಣೇ.”

“ರೊಟ್ಟಿ ತಿಂದ. ಆಮೇಲ್ ನಮ್ ಮಗಳನ್ನ ಕರವಸ್ತ್ರದಾಗ್ ಕಟ್ಕಂಡ್ ವೋದ.”

“ಅವ್ನಿಗೆ ಗೊತ್ತಿರ್ಲಿಲ್ಲ.”

“ನಿಂಗೆ ಗೊತ್ತಿತ್ತಲ್ಲ!”

ದಹ್ಹಾಮ್ ಮಂಡಿಯೂರಿ ಕೂತು ಕುಸಿದ ಕಡೆ ಸವರತೊಡಗಿದ. ಸವರಬಹುದು. ಮುದ್ರೆ ಸತ್ತೂಫನ ಮನೆಯ ಬೀಗದೊಳಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಸತ್ತೂಫ್ ಬಂದ. ಅವನೂ ಆ ಊರಿನವನೇ, ಅವನ ತಂದೆಯೂ ಇದೇ ಕಣದಲ್ಲಿ ಕೆಮ್ಮಿ ಸತ್ತವನು. ಬಂದೂಕು ಕೊಟ್ಟ ಮೇಲೆ ಅವನಿಗೆ ಕೆಮ್ಮು ಬಂದಿರಲಿಲ್ಲ. ರಾಶಿಯನ್ನು ಒಂದು ಸುತ್ತು ಹಾಕಿದ, ನಿಂತ.

“ಯಾರ್ಲಾ?”

“ನಾನೇ,” ಅಂದ ದಹ್ಹಾಮ್.

“ಯಾರ್ ಬಂದಿದ್ರು ಅಂತ ನಂಗೊತ್ತೈತೆ. ಬಾಯ್ಬಿಟ್ಟು ಒಂದ್ ಹೆಸ್ರು ಹೇಳು, ಸಾಕು. ಬೇ ಸಾಹೇಬ್ರು ಅವ್ನನ್ನ ನೋಡ್ಕತಾರೆ, ನಿನ್ನ ಬಿಡ್ತಾರೆ.”

“ನಾನೇ. ಹಸಿವಾಗಿತ್ತು.”

ಸತ್ತೂಫ್ ಬಂದೂಕಿನ ಹಿಂಬದಿಯಿಂದ ಅವನ ಎದೆಗೆ ಹೊಡೆದ. ಬಿದ್ದವನ ಪಕ್ಕೆಗೆ ಒದ್ದ. ಪ್ರತಿ ಒದೆತಕ್ಕೂ “ಹೆಸ್ರು” ಅಂದ, ಪ್ರತಿ ಸಲವೂ ದಹ್ಹಾಮ್ “ನಾನೇ” ಅಂದ. ಆಮೇಲೆ ಅನ್ನಲು ಗಾಳಿ ಉಳಿಯಲಿಲ್ಲ. ಕಾಲಿಗೆ ಬಿದ್ದ ಫಿದ್ದಾಳ ಮುಂದಲೆ ಹಿಡಿದು ಆಚೆ ಎಳೆದು ಹಾಕಿದ. ಹೇಸರಗತ್ತೆ ಕಟ್ಟುವ ಗೂಟಕ್ಕೆ ದಹ್ಹಾಮನನ್ನು ಕಟ್ಟಿ, ಪೇಟೆಯಿಂದ ಬೇ ಸಾಹೇಬರಿಗೆ ಫೋನು ಮಾಡಿಸಿದ.

ಪಾಲು ಹಾಕಲು ಬಾರದಿದ್ದ ಬೇ ಸಾಹೇಬರು ಇದಕ್ಕೆ ಮರುದಿನವೇ ಬಂದರು. ಕಾರಿನಿಂದ ಇಳಿದು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ದಪ್ಪ ಮೈ, ಮೆತ್ತನೆ ದನಿ. ಅವರು ಎಂದೂ ಯಾರನ್ನೂ ಬೈದವರಲ್ಲ.

“ನಾನೂ ಪಕ್ಷದವನೇ ಕಣಪ್ಪ,” ಅಂದರು ಸೇರಿದ್ದ ಜನಕ್ಕೆ. “ಪೇಟೇಲಿ ನಮ್ಮದೂ ಒಂದು ಪಕ್ಷ ಇದೆ. ಫ್ರೆಂಚರನ್ನ ಓಡಿಸಿದವರು ನಾವೇ. ನಾನೂ ಅರಬ, ನೀವೂ ಅರಬರು. ಅರಬನ ರಾಶಿಗೆ ಅರಬ ಕೈ ಹಾಕಬಹುದಾ? ನೀವೇ ಹೇಳಿ.”

ಅವರು ಸತ್ತೂಫನ ಕಡೆ ತಿರುಗಿದರು.

“ಕೋಲು ತನ್ನಿ.”

ಗಟ್ಟಿ ಕೋಲು, ನಡುವೆ ಹಗ್ಗದ ಕುಣಿಕೆ. ಕುಣಿಕೆಗೆ ಎರಡೂ ಕಾಲು. ಇಬ್ಬರು ಕೋಲನ್ನು ತಿರುವಿ ಎತ್ತಿ ಹಿಡಿದರೆ ಮನುಷ್ಯನ ಅಂಗಾಲು ಆಕಾಶ ನೋಡುತ್ತದೆ. ಹಿಡಿಯುವವರನ್ನು ಬೇ ಸಾಹೇಬರೇ ಆರಿಸಿದರು. ಒಂದು ತುದಿಗೆ ಕಾರಿನ ಚಾಲಕ. ಇನ್ನೊಂದು ತುದಿಗೆ ಅಜೀಜ್.

“ಅಳಿಯ ಆಗೋನಲ್ವಾ,” ಅಂದರು ಬೇ ಸಾಹೇಬರು. “ಮಾವನ ಸೇವೆ ಮಾಡು.”

ಅಜೀಜ್ ಹಿಡಿದ. ಮುಖದ ತುಂಬ ನೀರು ಸುರಿಸುತ್ತ ಹಿಡಿದ. ಬಿಟ್ಟರೆ ಅದೇ ಕುಣಿಕೆ ತನ್ನ ಕಾಲಿಗೆ ಎಂದು ಅವನಿಗೂ ಗೊತ್ತು, ಊರಿಗೂ ಗೊತ್ತು. ಸತ್ತೂಫ್ ದಾಳಿಂಬೆ ಬೆತ್ತ ತೆಗೆದುಕೊಂಡ. ಮೊದಲ ಏಟಿಗೆ ದಹ್ಹಾಮನ ದೇಹ ಬಿಲ್ಲಿನಂತೆ ಬಾಗಿ ನೆಲಕ್ಕೆ ಬಿತ್ತು. ಆಮೇಲೆ ಅದಕ್ಕೂ ಆಗಲಿಲ್ಲ. ಅಂಗಾಲಿನ ಚರ್ಮ ಊದಿತು, ಒಡೆಯಿತು, ಬೆತ್ತಕ್ಕೆ ಅಂಟಿ ಮೇಲೆದ್ದಿತು. ಉಳುಮೆಯಲ್ಲಿ ಮುಳ್ಳಿಗೂ ಜಗ್ಗದ ಅಂಗಾಲು. ದಹ್ಹಾಮ್ ತನ್ನ ತಲೆವಸ್ತ್ರದ ತುದಿಯನ್ನು ಕಚ್ಚಿಕೊಂಡಿದ್ದ. ಬೇ ಸಾಹೇಬರು ಕಾರಿನ ನೆರಳಿನಲ್ಲಿ ನಿಂತು ಸಿಗರೇಟು ಹಚ್ಚಿದರು.

“ಹೆಸರು?”

ದಹ್ಹಾಮ್ ಬಟ್ಟೆ ಉಗಿದ. ಅದರ ಜೊತೆ ಒಂದು ಹಲ್ಲೂ ಬಂತು. “ನಾನೇ.”

“ಸರಿ. ಹಾಗಾದ್ರೆ ಈ ರಾಶಿ ಪೂರಾ ನನ್ನದು. ಹುಡುಗಿ ಕಾರು ಹತ್ತಲಿ.” ಫಿದ್ದಾಳ ಕಡೆ ತಿರುಗಿದರು. “ಅಳಬೇಡಮ್ಮ. ನಮ್ಮನೇಲಿ ದಿನಾ ಅಕ್ಕಿ ಅನ್ನ. ನೀನು ಎದ್ದು ರಾಶಿ ಸವರು. ನಿಮ್ಮ ಕೈಲಿ ಕೆಟ್ಟದ್ದು ನಿಮ್ಮ ಕೈಲೇ ಸರಿಯಾಗಲಿ.”

ಫಿದ್ದಾ ಎದ್ದಳು. ಸವರಿದಳು. ಅದನ್ನು ಬಚ್ಚಿಡುವುದು ಬೇಡ. ಒಡೆದ ಅಂಗೈಯಿಂದ ಮೇಲಿಂದ ಕೆಳಕ್ಕೆ ಕಾಳನ್ನು ತಟ್ಟಿ ನುಣ್ಣಗೆ ಮಾಡಿದಳು. ಬೆನ್ನ ಹಿಂದೆ ವತ್ಫಾ ಚೀರುತ್ತಿದ್ದಳು. ಅವಳ ಕೈ ಹಿಡಿದು ಕಾರಿನೊಳಗೆ ತಳ್ಳಲು ಚಾಲಕ ಕೋಲಿನ ತುದಿಯನ್ನು ಊರಿನ ಇನ್ನೊಬ್ಬನಿಗೆ ಕೊಟ್ಟು ಹೋಗಿದ್ದ. ಫಿದ್ದಾ ತಿರುಗಲಿಲ್ಲ. ಸವರಿ ಮುಗಿಸಿದಳು. ಹುಟ್ಟಿದಂದಿನಿಂದ ಆ ಕೈಗಳು ಹೇಳಿದ್ದು ಕೇಳಿದ್ದವು, ಈಗಲೂ ಕೇಳಿದವು.

ಸತ್ತೂಫ್ ಮುದ್ರೆ ತಂದ. ಬೇ ಸಾಹೇಬರಿಗೆ ಆಗ ಒಂದು ತಮಾಷೆ ಹೊಳೆಯಿತು.

“ಅವಳ ಕೈಗೇ ಕೊಡೋ. ಅವಳೇ ಒತ್ತಲಿ.”

ಹಲಗೆ ಫಿದ್ದಾಳ ಕೈಗೆ ಬಂತು. ಅದನ್ನು ಅವಳು ಮುಟ್ಟಿದ್ದು ಅದೇ ಮೊದಲು. ಬರೀ ಮರ. ಎಷ್ಟು ಹಗುರ! ರೊಟ್ಟಿ ತಟ್ಟುವ ಹಲಗೆಯೇ ಇದಕ್ಕಿಂತ ಭಾರ. ಇದಕ್ಕೆ ಇಷ್ಟು ವರ್ಷ ಹೆದರಿದ್ದಾ?

“ಒತ್ತು,” ಅಂದರು ಬೇ ಸಾಹೇಬರು, ತೋರಿಸಿಕೊಡಲು ಹತ್ತಿರ ಬಂದು ಬಗ್ಗಿ.

“ಒತ್ತಾಕಿಲ್ಲ,” ಅಂದಳು ಫಿದ್ದಾ.

ಬೇ ಸಾಹೇಬರಿಗೆ ಆ ಪದ ಅರ್ಥವಾಗಲಿಲ್ಲ. ಆ ಊರಿನಲ್ಲಿ ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. “ಏನಂದೆ?” ಎಂದು ಮುಖ ಎತ್ತಿದರು. ಎತ್ತಿದ ಮುಖಕ್ಕೆ ಅವಳು ಹಲಗೆಯನ್ನು ಎರಡೂ ಕೈಯಿಂದ ಬೀಸಿದಳು. ಮೂಳೆ ಮುರಿದ ಸದ್ದು ಕಣದ ಆಚೆ ತುದಿಗೂ ಕೇಳಿತು. ಅವರು ಕೂತರು. ಕೂತವರಿಗೆ ಇನ್ನೊಂದು ಬಿತ್ತು. ಅಜ್ಜನ ಹೆಸರು ಮೊಮ್ಮಗನ ಕೆನ್ನೆಯ ಮೇಲೆ ಕೆಂಪಗೆ ಮೂಡಿತು.

ಸತ್ತೂಫ್ ಬಂದೂಕು ಎತ್ತಿದ. ಗುಂಡು ಫಿದ್ದಾಳನ್ನು ಬಿಟ್ಟು, ಅವಳ ಹಿಂದೆ ಕಾಲು ಮೇಲಾಗಿ ಬಿದ್ದಿದ್ದವನ ಹೊಟ್ಟೆಗೆ ಹೊಕ್ಕಿತು. ದಹ್ಹಾಮನಿಗೆ ಸರಿಯಲು ಆಗಲಿಲ್ಲ. ಅವನ ಕಾಲುಗಳು ಇನ್ನೂ ಕುಣಿಕೆಯಲ್ಲಿದ್ದವು, ಕೋಲು ಇನ್ನೂ ಅಜೀಜನ ಕೈಯಲ್ಲಿತ್ತು.

ಅಜೀಜ್ ಕೋಲನ್ನು ಬಿಡಲಿಲ್ಲ. ಕುಣಿಕೆಯಿಂದ ಎಳೆದುಕೊಂಡು ಅದರಿಂದಲೇ ಸತ್ತೂಫನ ಮುಂಗೈ ಮುರಿದ. ಆಮೇಲೆ ಊರು ಬಂತು. ಗೋಧಿ ತೂರುವ ಕವೆಗೋಲುಗಳು ಎಲ್ಲರ ಕೈಯಲ್ಲಿದ್ದವು. ಸತ್ತೂಫ್ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ. ಅವನಿಗೆ ಎಲ್ಲರ ಹೆಸರೂ ಗೊತ್ತಿತ್ತು. “ಚಿಕ್ಕಪ್ಪಾ, ಬ್ಯಾಡ! ಅಕ್ಕಾ, ನಿನ್ ದಮ್ಮಯ್ಯ!” ಅವನು ಸುಮ್ಮನಾದ ಮೇಲೂ ಬಹಳ ಹೊತ್ತು ಕವೆಗೋಲುಗಳು ಏಳುತ್ತ ಬೀಳುತ್ತ ಇದ್ದವು. ಅವನ ಹೆಂಡತಿ ಅಲ್ಲೇ ನಿಂತಿದ್ದಳು. ತಡೆಯಲಿಲ್ಲ, ಅಳಲೂ ಇಲ್ಲ. ಚಾಲಕ ವತ್ಫಾಳನ್ನು ಹೊರಗೆ ತಳ್ಳಿ, ಬೇ ಸಾಹೇಬರನ್ನು ಮೂಟೆಯಂತೆ ಒಳಗೆ ಎಸೆದುಕೊಂಡು, ಬಾಗಿಲು ಮುಚ್ಚದೆಯೇ ಕಾರು ಓಡಿಸಿದ.

ಫಿದ್ದಾ ದಹ್ಹಾಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ವತ್ಫಾ?” ಅಂದ.

“ಇಲ್ಲೇ ಅವ್ಳೆ.”

“ಹೆಸ್ರು ಹೇಳ್ಲಿಲ್ಲ ಕಣೇ,” ಅಂದ. ದೊಡ್ಡ ಕೆಲಸ ಮುಗಿಸಿದವನ ಹಾಗೆ ಅಂದ. ಫಿದ್ದಾಳಿಗೆ ಅವನ ಕೆನ್ನೆಗೆ ಹೊಡೆಯುವಷ್ಟು ಸಿಟ್ಟು ಬಂತು. ಹೊಡೆಯಲು ಅವನಿರಲಿಲ್ಲ.

ಸುದ್ದಿ ಪೇಟೆಗೆ ಕಾರಿಗಿಂತ ಮೊದಲೇ ಹೋಗಿರಬೇಕು. ನಡುಮಧ್ಯಾಹ್ನಕ್ಕೆ ಬುರ್ಹಾನ್ ಮೇಷ್ಟ್ರು ಬಾಡಿಗೆ ಲಾರಿಯಲ್ಲಿ ಬಂದಿಳಿದರು. ಜೊತೆಗೆ ಪಕ್ಷದ ಬಾವುಟ. ಹೆಣ ನೋಡಿ ಅವರ ತುಟಿ ಬಿಳಿಚಿತು.

“ತಾಯಿ, ಇವರು ಹುತಾತ್ಮರು. ಇವರನ್ನು ಪೇಟೆಗೆ ಒಯ್ಯೋಣ. ಸಾವಿರಾರು ಜನ ಹಿಂದೆ ನಡೆಯುತ್ತಾರೆ. ಇಡೀ ಅರಬ ನಾಡು...”

“ಕರವಸ್ತ್ರ ಎಲ್ಲೈತೆ?” ಅಂದಳು ಫಿದ್ದಾ.

“ಏನು?”

“ಗೋಧಿ. ಕಟ್ಕಂಡ್ ವೋದ್ಯಲ್ಲ.”

ಮೇಷ್ಟ್ರು ಜೇಬಿಗೆ ಕೈ ಹಾಕಿದರು. ಗಂಟು ಅಲ್ಲೇ ಇತ್ತು. ಹಿಂದಿನ ಸಂಜೆ ಅದನ್ನು ಸಭೆಯಲ್ಲಿ ಎತ್ತಿ ತೋರಿಸಿದ್ದರು, ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿದಿತ್ತು. ಫಿದ್ದಾ ಗಂಟು ಬಿಚ್ಚಿ ನೋಡಿದಳು.

“ಇಷ್ಟಕ್ಕೆ ಹೆಸ್ರು ಕೇಳಿದ್ರು. ಅವ್ನು ಹೇಳ್ಲಿಲ್ಲ. ನೀನ್ ನಮ್ ಅತಿಥಿಯಂತೆ.”

ಮೇಷ್ಟ್ರು ರಾಶಿ ನೋಡಿದರು. ಮುದ್ರೆಯಿಲ್ಲದ ಕಡೆ ನೋಡಿದರು. ಊರಿನ ಬೇರೆ ರಾಶಿಗಳ ಮೇಲೆ ಸಾಲಾಗಿ ಒತ್ತಿದ್ದ ಹೆಸರುಗಳನ್ನು ನೋಡಿದರು. ಅವರಿಗೆ ಓದು ಬರುತ್ತಿತ್ತು. ಆಗ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಅಷ್ಟರಲ್ಲಿ ಪೊಲೀಸರ ವ್ಯಾನು ಬಂತು. ಜಮಾದಾರ ಇಳಿದು ಎರಡು ಹೆಣಗಳನ್ನು ದಾಟಿಕೊಂಡು ನೇರವಾಗಿ ರಾಶಿಯ ಹತ್ತಿರ ಹೋದ. ಬೇ ಸಾಹೇಬರ ದೂರು ಅಲ್ಲಿಂದಲೇ ಶುರುವಾಗಿತ್ತು. ಹೆಣಗಳು ಆಮೇಲಿನ ಮಾತು.

“ಮೊದ್ಲು ಮುದ್ರೆ ಕೆಡಿಸಿದೋರು ಯಾರು?”

ಊರು ನೆಲ ನೋಡಿತು. ಅತಿಥಿ ಕಣದಲ್ಲೇ ನಿಂತಿದ್ದ. ಸತ್ತವನ ಮಾತು ಇನ್ನೂ ಆರಿರಲಿಲ್ಲ.

“ಇವ್ನು,” ಅಂದಳು ಫಿದ್ದಾ, ಬೆರಳೆತ್ತಿ.

ಹೆಂಗಸರ ನಡುವೆ “ಅಯ್ಯೋ” ಅಂತ ಒಂದು ಸದ್ದು ಎದ್ದಿತು. ಮುದುಕನೊಬ್ಬ ತಲೆವಸ್ತ್ರದಿಂದ ಮುಖ ಮುಚ್ಚಿಕೊಂಡ. ಬೇ ಸಾಹೇಬರ ಮೂಗು ಮುರಿದದ್ದಕ್ಕೆ ಹೆದರದ ಊರು ಇದಕ್ಕೆ ಹೆದರಿತು.

“ಮಾನ ಕಳೆದ್ಯಲ್ಲೇ!” ಅಂದ ಮುದುಕ.

“ಮಾನ ಕಾಪಾಡಿದೋನು ಅಗೋ ಅಲ್ ಬಿದ್ದವ್ನೆ. ನೊಣ ಓಡ್ಸು ಹೋಗು,” ಅಂದಳು ಫಿದ್ದಾ. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. “ನಿಮ್ ಸಭೇಲಿ ಹೇಳ್ದಂಗೆ ಇಲ್ಲೂ ಹೇಳಿ. ಗಟ್ಟಿಯಾಗಿ.”

ಮೇಷ್ಟ್ರು ಲಾರಿಯ ಕಡೆ ಒಮ್ಮೆ ನೋಡಿದರು. ಲಾರಿ ಪೊಲೀಸರನ್ನು ಕಂಡ ಕೂಡಲೇ ಹೊರಟುಹೋಗಿತ್ತು, ಬಾವುಟದ ಸಮೇತ. ಅಂಗಿಯ ತೋಳು ಮಡಚಿದರು. ರಾಶಿಯ ಹತ್ತಿರ ಹೋಗಿ, ಫಿದ್ದಾ ಸವರಿದ್ದ ನುಣ್ಣನೆ ಮೈಯೊಳಗೆ ಮತ್ತೆ ಮೊಣಕೈವರೆಗೆ ಕೈ ಹಾಕಿದರು.

“ನಾನೇ,” ಅಂದರು. ದನಿ ಗಟ್ಟಿಯಾಗಿರಲಿಲ್ಲ.

ಜಮಾದಾರ ಬಂದೂಕಿನ ಹಿಡಿಯಿಂದ ಅವರ ಬಾಯಿಗೆ ಹೊಡೆದ. ಕನ್ನಡಕ ಒಂದು ಕಡೆ, ಹಲ್ಲು ಒಂದು ಕಡೆ. ಬಿದ್ದರೂ ಅವರು ರಾಶಿಯಿಂದ ಕೈ ತೆಗೆಯಲಿಲ್ಲ. ಗೋಧಿ ಕೆಂಪಾಯಿತು. ಎರಡನೆಯ ಏಟಿಗೆ ಬಂದೂಕು ಎತ್ತಿದಾಗ ಫಿದ್ದಾ ಇನ್ನೊಂದು ಪಕ್ಕದಿಂದ ಬಂದು ತನ್ನ ಕೈ ಹಾಕಿದಳು.

“ನಾನೂವೆ.”

ವತ್ಫಾ ಬಂದಳು. ಅಜೀಜ್ ಬಂದ, ಅವನ ತೋಳಿಗೆ ಸತ್ತೂಫನ ರಕ್ತ ಅಂಟಿತ್ತು. ಮುಖ ಮುಚ್ಚಿಕೊಂಡಿದ್ದ ಮುದುಕ ಬೈದುಕೊಳ್ಳುತ್ತಲೇ ಬಂದು ಕೈ ಹಾಕಿದ. ಪೊಲೀಸರು ಹೊಡೆದರು, ಬೆನ್ನಿಗೆ, ತಲೆಗೆ, ಎಲ್ಲಿ ಸಿಕ್ಕರೆ ಅಲ್ಲಿಗೆ. ಬಿದ್ದವರ ಜಾಗಕ್ಕೆ ಇನ್ನೊಬ್ಬರು ಬಂದರು. ಉಳಿದವರು ತಂತಮ್ಮ ರಾಶಿಗೆ ಹೋಗಿ ಕೈ ಹಾಕಿದರು. ಊರಿನ ಒಂದೊಂದೇ ಕಣದಲ್ಲಿ ಬೇ ಸಾಹೇಬರ ತಾತ ಜರ್ರನೆ ಕುಸಿಯುತ್ತ ಹೋದ.

ಹೊಡೆದು ಸುಸ್ತಾದ ಮೇಲೆ ಜಮಾದಾರ ಫಿದ್ದಾಳನ್ನೂ ಮೇಷ್ಟ್ರನ್ನೂ ಅಜೀಜನನ್ನೂ ಒಂದೇ ಹಗ್ಗಕ್ಕೆ ಕಟ್ಟಿಸಿದ. ಮೇಷ್ಟ್ರು ಒಡೆದ ಬಾಯಿಂದ ಏನೋ ಹೇಳಲು ಹೊರಟರು. “ತಾಯಿ, ಇಡೀ ನಾಡು ಇದನ್ನ...”

“ರಕ್ತ ಉಗೀರಿ ಮೊದ್ಲು,” ಅಂದಳು ಫಿದ್ದಾ. “ನುಂಗಿದ್ರೆ ವಾಂತಿ ಬರ್ತದೆ.”

ಅವರು ಉಗಿದರು.

“ಮುದ್ರೆ ಎಲ್ಲಿ?” ಜಮಾದಾರ ಕೂಗಿದ. “ಬೇ ಸಾಹೇಬ್ರನ್ನ ಹೊಡೆದ ಆ ಹಲಗೆ ಬೇಕು. ಅದಿಲ್ಲದೆ ಕೇಸು ನಿಲ್ಲಲ್ಲ. ಹುಡುಕಿ!”

ಮನೆ ಮನೆ ಹೊಕ್ಕರು. ಹಾಸಿಗೆ ಕೊಯ್ದರು, ಮಡಕೆ ಒಡೆದರು, ಕೋಳಿಗೂಡಿಗೂ ಬಗ್ಗಿ ನೋಡಿದರು. ಕಡೆಗೆ ಉಮ್ ಅಜೀಜಳ ಅಂಗಳಕ್ಕೆ ಬಂದರು. ಅವಳು ಮಣ್ಣಿನ ಒಲೆಯ ಮುಂದೆ ಕೂತು ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದಳು. ಜವೆಯದಲ್ಲ, ಹೊಸ ಗೋಧಿಯದು. ದುಂಡಗೆ, ಬೆಳ್ಳಗೆ, ಅಲ್ಲಲ್ಲಿ ಕಂದು. ಒಲೆಯ ತಳದಲ್ಲಿ ಹಳೆಯ ಒಣಮರ ಚಟಪಟ ಅನ್ನುತ್ತ ಉರಿಯುತ್ತಿತ್ತು.

“ಏಯ್ ಮುದುಕೀ, ಮುದ್ರೆ ಹಲಗೆ ಎಲ್ಲಿ?”

ಉಮ್ ಅಜೀಜ್ ಒಂದು ರೊಟ್ಟಿ ಕಿತ್ತು ಅವನ ಮುಂದೆ ಹಿಡಿದಳು. ಹೊಗೆಗೆ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

“ತಗಳಪ್ಪಾ, ಬಿಸಿ ಐತೆ. ನಮ್ ನೌಫಾ ಹೆಸ್ರಲ್ಲಿ ಸುಟ್ಟಿದ್ದು. ಊರಿಗೆಲ್ಲ ಹಂಚ್ತಾ ಇವ್ನಿ.”

ಬೆಳಗಿನಿಂದ ಏನೂ ತಿಂದಿರದ ಒಬ್ಬ ಪೊಲೀಸಿನವನು, ಜಮಾದಾರ ಒಲೆಯೊಳಗೆ ಬಗ್ಗಿ ನೋಡುವಷ್ಟರಲ್ಲಿ, ಆ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಿದ್ದ.